ನೂರಕ್ಕೆ ನೂರು ಕವರೇಜ್ ಬೇಕೇ? ಮೊದಲು ಕೆಂಪು ಸಾಲುಗಳನ್ನು ಓದಿ

ಟೆಸ್ಟ್ ಓಡಿಸಿದಾಗ ಕೋಡಿನಲ್ಲಿ ಶೇಕಡಾ ಎಷ್ಟು ಭಾಗ ಓಡಿತು ಎಂಬ ಅಳತೆಯೇ ಕೋಡ್ ಕವರೇಜ್. ರಿಪೋರ್ಟಿನಲ್ಲಿ ಓಡಿದ ಸಾಲು ಹಸಿರು, ಓಡದ್ದು ಕೆಂಪು. ಅದರ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕೇಳುವ ರೀತಿ ಬೇರೆ ಬೇರೆ, ಆದರೆ ಕೇಳುವುದು ಒಂದೇ: ಕೋಡಿನ ಪ್ರತಿ ಸಾಲನ್ನೂ ಟೆಸ್ಟಿನಲ್ಲಿ ಓಡಿಸಲು ಆಗುತ್ತಾ, ಓಡಿಸಲೇಬೇಕಾ? ಪ್ರತಿ ಸಲವೂ ಎರಡು ಸಾಲಿನಲ್ಲಿ ಉತ್ತರಿಸಿ ಬೇಸರ ಬಂದಿದೆ. ಈ ಸಲ ಅದೊಂದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಕವರೇಜ್ ಅಳೆಯುವ ಟೂಲ್ ಹೇಗೆ ಹಾಕಿಕೊಳ್ಳುವುದು ಎಂದು ಇಲ್ಲಿ ವಿವರಿಸುವುದಿಲ್ಲ. ಜೇಕೋಕೋ, ಜಿಕವ್, ಕವರೇಜ್ ಡಾಟ್ ಪೈ, ಯಾವುದನ್ನು ತೆಗೆದುಕೊಂಡರೂ ಅದರ ಮೊದಲ ಪುಟದಲ್ಲೇ ಅಷ್ಟು ಮಾಹಿತಿ ಸಿಗುತ್ತದೆ.

ಪ್ರಶ್ನೆ: ಮುಂದಿನ ರಿಲೀಸ್‌ಗೆ ಲೈನ್ ಕವರೇಜ್ ನೂರಕ್ಕೆ ನೂರು ಇರಲೇಬೇಕು ಅಂತ ನಮ್ಮ ಮ್ಯಾನೇಜರ್ ಹೇಳಿದ್ದಾರೆ. ಈಗ 71 ಇದೆ. ಎಲ್ಲರೂ ಟೆಸ್ಟ್ ಬರೆಯುತ್ತಿದ್ದೇವೆ. ಆದರೆ ಕೆಲವು ಸಾಲುಗಳು ಏನು ಮಾಡಿದರೂ ಓಡುತ್ತಿಲ್ಲ. ನಿಜಕ್ಕೂ ಇದು ಸಾಧ್ಯವೇ ಸರ್?

ಸಾಧ್ಯ. ಮಾಡಿ ತೋರಿಸಿದವರಿದ್ದಾರೆ. ಆದರೆ ಒಂದೇ ರಿಲೀಸ್‌ನಲ್ಲಿ, ನಡೆಯುತ್ತಿರುವ ಪ್ರಾಡಕ್ಟ್‌ನಲ್ಲಿ, ಇರುವಷ್ಟೇ ಜನ ಸೇರಿ ಮಾಡುವ ಕೆಲಸ ಅದಲ್ಲ. ಹಟಕ್ಕೆ ಬಿದ್ದು ಮಾಡಲು ಹೋದರೆ ಸಂಖ್ಯೆ ಏರುತ್ತದೆ, ಟೆಸ್ಟ್‌ಗಳು ಕೆಡುತ್ತವೆ.

ಮಾಡಿದವರು ಎಷ್ಟು ಕಷ್ಟಪಟ್ಟರು ಅಂತ ನೋಡಿ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಇವತ್ತು ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನ್ ಒಳಗೂ ಇದೆ. ಅದರ ಮುಖ್ಯ ಭಾಗದಲ್ಲಿ ಪ್ರತಿ ಸಾಲು ಮಾತ್ರವಲ್ಲ, ಪ್ರತಿ ಬ್ರಾಂಚ್ (ಒಂದು ಇಫ್‌ನ ಹೌದು, ಇಲ್ಲ ಎಂಬ ಎರಡೂ ದಾರಿ) ಕೂಡ ಟೆಸ್ಟಿನಲ್ಲಿ ಓಡುತ್ತದೆ. 2023ರಲ್ಲಿ ಅವರೇ ಕೊಟ್ಟ ಲೆಕ್ಕದಂತೆ ಮೂಲ ಕೋಡ್ ಸುಮಾರು 1.56 ಲಕ್ಷ ಸಾಲು. ಟೆಸ್ಟ್ ಕೋಡ್ 9 ಕೋಟಿ ಸಾಲಿಗೂ ಜಾಸ್ತಿ. ಅಂದರೆ ಸುಮಾರು 590 ಪಟ್ಟು.

ಅಷ್ಟೊಂದು ಯಾಕೆ ಬೇಕಾಯಿತು? ಮೆಮೊರಿ ಸಿಗದೇ ಹೋದಾಗ ಮಾತ್ರ ಓಡುವ ಸಾಲುಗಳನ್ನೇ ತೆಗೆದುಕೊಳ್ಳಿ. ಈಗಿನ ಮಷೀನಿನಲ್ಲಿ ಮೆಮೊರಿ ಕೇಳಿದರೆ ಸಿಕ್ಕೇ ಸಿಗುತ್ತದೆ, ಹಾಗಾಗಿ ಆ ಸಾಲುಗಳು ತಾವಾಗಿ ಓಡುವುದೇ ಇಲ್ಲ. ಅದಕ್ಕೆ ಅವರು ಮೆಮೊರಿ ಕೊಡುವ ಫಂಕ್ಷನ್ನನ್ನೇ ಬದಲಿಸಿ ಇಟ್ಟಿದ್ದಾರೆ. ಒಂದು ಕೆಲಸ ಶುರು ಮಾಡಿ ಮೊದಲನೇ ಸಲ ಮೆಮೊರಿ ಕೇಳಿದಾಗಲೇ ಇಲ್ಲ ಅನ್ನಿಸುತ್ತಾರೆ. ಪ್ರೋಗ್ರಾಂ ಬೀಳದೆ ಸರಿಯಾಗಿ ಎರರ್ ಕೊಟ್ಟಿತಾ ಅಂತ ನೋಡುತ್ತಾರೆ. ಆಮೇಲೆ ಅದೇ ಕೆಲಸ, ಈ ಸಲ ಎರಡನೇ ಕೋರಿಕೆಗೆ ಇಲ್ಲ. ಆಮೇಲೆ ಮೂರನೇದಕ್ಕೆ. ಎಲ್ಲೂ ಇಲ್ಲ ಅನ್ನಿಸಿಕೊಳ್ಳದೆ ಕೆಲಸ ಪೂರ್ತಿ ಮುಗಿಯುವವರೆಗೆ ಇದು ನಡೆಯುತ್ತದೆ. ಡಿಸ್ಕ್ ಕೈಕೊಡುವುದಕ್ಕೂ ಇದೇ ಕ್ರಮ. ನಿಮ್ಮ ತಂಡದಲ್ಲಿ ಇಂಥ ಏರ್ಪಾಡು ಇದೆಯಾ? ಇಲ್ಲದಿದ್ದರೆ ಆ ಕೊನೆಯ ಸಾಲುಗಳು ಓಡುವುದಿಲ್ಲ.

ಇನ್ನು ನಿಮ್ಮ ಹಟಮಾರಿ ಸಾಲುಗಳ ವಿಷಯ. ನಾನು ನೋಡಿದ ಕೋಡ್‌ಗಳಲ್ಲಿ ಅವು ಹೆಚ್ಚಾಗಿ ಇಂಥವೇ. ಕೆಲವು ಇನ್ನೊಂದು ಆಪರೇಟಿಂಗ್ ಸಿಸ್ಟಂಗೆ ಬರೆದವು. ವಿಂಡೋಸ್‌ಗೆ ಬರೆದ ಭಾಗ ಲಿನಕ್ಸ್ ಬಿಲ್ಡಿನಲ್ಲಿ ಓಡದಿದ್ದರೆ ಅದು ಟೆಸ್ಟಿನ ತಪ್ಪಲ್ಲ. ಎರಡೂ ಕಡೆ ಓಡಿಸಿ ರಿಪೋರ್ಟ್ ಕೂಡಿಸಬೇಕು, ಅಷ್ಟೇ. ಕೆಲವು ಸಾಲುಗಳು ಎರಡು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ನಡೆಯುವ ಕೆಲಸಗಳು) ಒಂದೇ ಕ್ಷಣಕ್ಕೆ ಡಿಕ್ಕಿ ಹೊಡೆದರೆ ಮಾತ್ರ ಓಡುತ್ತವೆ. ಅಂಥವು ಇವತ್ತು ಹಸಿರು, ನಾಳೆ ಕೆಂಪು. ಕೆಲವು ತಾರೀಖಿಗೆ ಕಟ್ಟಿಹಾಕಿಕೊಂಡಿರುತ್ತವೆ. ಫೆಬ್ರವರಿ 29ಕ್ಕೆ ಮಾತ್ರ ಓಡುವ ಸಾಲಿದ್ದು, ಕೋಡ್ ನೇರವಾಗಿ ಮಷೀನಿನ ಗಡಿಯಾರ ನೋಡುತ್ತಿದ್ದರೆ ನೀವು ಕಾಯುತ್ತಾ ಕೂರಬೇಕು. ಗಡಿಯಾರವನ್ನು ಹೊರಗಿನಿಂದ ಕೊಡುವಂತೆ ತಿದ್ದಿದರೆ ಇವತ್ತೇ ಓಡಿಸಬಹುದು. ಇಲ್ಲಿ ಕೊರತೆ ಇರುವುದು ಕೋಡಿನ ರಚನೆಯಲ್ಲಿ. ಅದನ್ನು ತೋರಿಸಿಕೊಟ್ಟದ್ದು ಕೆಂಪು ಸಾಲು.

ಇನ್ನು ಕೆಲವು ಯಾವತ್ತೂ ಓಡಲಾರದವು. ಹಿಂದೆ ಯಾವುದೋ ಫೀಚರಿಗೆ ಬರೆದದ್ದು, ಈಗ ಅದನ್ನು ಕರೆಯುವವರೇ ಇಲ್ಲ. ಅಂಥ ಡೆಡ್ ಕೋಡನ್ನು ಟೂಲ್ ತಾನಾಗಿ ಪೂರ್ತಿ ಹುಡುಕಿಕೊಡುತ್ತದೆ ಅಂತ ಕಾಯಬೇಡಿ. ಒಂದು ಸಾಲನ್ನು ಎಂದಾದರೂ ತಲುಪಲು ಆಗುತ್ತಾ ಎಂಬುದನ್ನು ಎಲ್ಲ ಪ್ರೋಗ್ರಾಂಗಳಿಗೂ ತೀರ್ಮಾನಿಸಿ ಹೇಳುವ ವಿಧಾನ ಇರಲು ಸಾಧ್ಯವೇ ಇಲ್ಲ. ಅಲನ್ ಟ್ಯೂರಿಂಗ್ 1936ರಲ್ಲಿ ಸಾಧಿಸಿದ ಫಲಿತಾಂಶದಿಂದ ಇದು ನೇರವಾಗಿ ಬರುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಟೂಲ್ ನೆರವಾಗುತ್ತದೆ. ಉಳಿದದ್ದನ್ನು ಆ ಕೋಡ್ ಗೊತ್ತಿರುವ ಮನುಷ್ಯರೇ ಕೂತು ನೋಡಬೇಕು.

ನೋಡಿದ ಮೇಲೆ ಸುಮ್ನೆ ಬಿಡಬಾರದು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವ್ಯವಹಾರದ ಕಂಪನಿಗೆ ಆದದ್ದನ್ನು ನೆನಪಿಸಿಕೊಳ್ಳಿ. ವರ್ಷಗಳಿಂದ ಬಳಸದೆ ಬಿಟ್ಟಿದ್ದ ಕೋಡ್ ಸರ್ವರ್‌ನಲ್ಲಿ ಹಾಗೇ ಇತ್ತು. ಅದನ್ನು ಎಬ್ಬಿಸುವ ಫ್ಲ್ಯಾಗನ್ನೇ (ಸ್ವಿಚ್ಚಿನಂಥ ಗುರುತು) ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲಿಲ್ಲ. ಅಲ್ಲಿ ಹಳೆಯದು ಎದ್ದು ಆರ್ಡರ್ ಹಾಕಲು ಶುರು ಮಾಡಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 46 ಕೋಟಿ ಡಾಲರಿಗೂ ಜಾಸ್ತಿ. ಸತ್ತ ಕೋಡಿಗೆ ಟೆಸ್ಟ್ ಬರೆದು ಹಸಿರು ಮಾಡುವುದು ಅದಕ್ಕೇ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅಳಿಸಿ. ಬೇಕಾದರೆ ಕೋಡಿನ ಹಳೆಯ ರೂಪಗಳನ್ನೆಲ್ಲ ಉಳಿಸಿಡುವ ಗಿಟ್‌ನಲ್ಲಿ ಇದ್ದೇ ಇರುತ್ತದೆ.

ವಿಮಾನದ ಸಾಫ್ಟ್‌ವೇರ್ ಬರೆಯುವವರು ಇದನ್ನು ಹೇಗೆ ನೋಡುತ್ತಾರೆ ಅಂತ ನಿಮ್ಮ ಮ್ಯಾನೇಜರಿಗೆ ತೋರಿಸಿ. ಅವರ ಮಾನದಂಡದ ಹೆಸರು ಡಿಒ-178ಸಿ. ಕೆಟ್ಟರೆ ವಿಮಾನವೇ ಬೀಳಬಹುದು ಎಂಬ ಭಾಗಕ್ಕೆ ಲೆವೆಲ್ ಎ. ಅಲ್ಲಿ ಸಾಲು, ಬ್ರಾಂಚ್ ಎರಡೂ ಸಾಲದು. ಒಂದು ಇಫ್ ಒಳಗಿನ ಪ್ರತಿ ಷರತ್ತೂ ತಾನೊಂದೇ ಬದಲಾದರೆ ಫಲಿತಾಂಶ ಬದಲಾಗುತ್ತದೆ ಅಂತ ತೋರಿಸಬೇಕು. ಲೆವೆಲ್ ಬಿಗೆ ಬ್ರಾಂಚ್ ಮಟ್ಟ, ಸಿಗೆ ಸಾಲಿನ ಮಟ್ಟ. ಲೆವೆಲ್ ಡಿಗೆ ಕೋಡ್ ಕವರೇಜ್ ಕೇಳುವುದೇ ಇಲ್ಲ. ವಿಮಾನದಲ್ಲೂ ಎಲ್ಲ ಕೋಡಿಗೂ ಒಂದೇ ಅಳತೆ ಇಲ್ಲ ಅನ್ನುವುದನ್ನು ಗಮನಿಸಿ.

ಅದಕ್ಕಿಂತ ಮುಖ್ಯವಾದದ್ದು ಅವರ ಕ್ರಮ. ಅಲ್ಲಿ ಕೋಡ್ ನೋಡಿಕೊಂಡು ಟೆಸ್ಟ್ ಬರೆಯುವುದಿಲ್ಲ. ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಬರೆದಿಟ್ಟ ರಿಕ್ವೈರ್‌ಮೆಂಟ್ ನೋಡಿಕೊಂಡು ಬರೆಯುತ್ತಾರೆ. ಅವುಗಳನ್ನೆಲ್ಲ ಓಡಿಸಿದ ಮೇಲೆ ಯಾವ ಸಾಲು ಓಡಲಿಲ್ಲ ಅಂತ ನೋಡುತ್ತಾರೆ. ಓಡದ ಸಾಲಿಗೆ ಕಾರಣ ನಾಲ್ಕರಲ್ಲಿ ಒಂದು: ಟೆಸ್ಟ್ ಬಿಟ್ಟುಹೋಗಿದೆ, ರಿಕ್ವೈರ್‌ಮೆಂಟ್ ಬರೆಯುವುದೇ ಬಿಟ್ಟುಹೋಗಿದೆ, ಕೋಡ್ ಅನಗತ್ಯ, ಅಥವಾ ಈ ವಿಮಾನದಲ್ಲಿ ಬೇಕೆಂದೇ ಆಫ್ ಮಾಡಿಟ್ಟ ಭಾಗ. ಯಾವುದು ಅಂತ ತೀರ್ಮಾನಿಸಿ ದಾಖಲೆ ಇಡಬೇಕು. ಕವರೇಜ್ ರಿಪೋರ್ಟಿನ ಕೆಲಸ ಇಷ್ಟೇ. ಕೆಂಪು ಸಾಲಿನ ಮುಂದೆ ನಿಂತು ನೀನು ಯಾಕೆ ಓಡಲಿಲ್ಲ ಅಂತ ಕೇಳಲು ಅದು ಇರುವುದು.

ಹಸಿರು ಸಾಲು ಹೇಳುವುದು ಬಹಳ ಕಡಿಮೆ. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಒಂದು ಫಂಕ್ಷನ್. ಮೊದಲ ಸಾಲಿನಲ್ಲಿ ರಿಯಾಯಿತಿ ಎಂಬ ವೇರಿಯಬಲ್ಲನ್ನು ನಲ್, ಅಂದರೆ ಏನೂ ಇಲ್ಲ, ಎಂದು ಇಡುತ್ತದೆ. ಎರಡನೇ ಸಾಲು, ಗ್ರಾಹಕ ಸದಸ್ಯನಾಗಿದ್ದರೆ ಎಂಬ ಇಫ್. ಮೂರನೇ ಸಾಲು, ಹೌದಾದರೆ ರಿಯಾಯಿತಿಯ ಆಬ್ಜೆಕ್ಟ್ ತಂದು ಅದರಲ್ಲಿ ಇಡುತ್ತದೆ. ನಾಲ್ಕನೇ ಸಾಲು, ಆ ಆಬ್ಜೆಕ್ಟಿನಿಂದ ಶೇಕಡಾ ಎಷ್ಟು ಅಂತ ಓದಿ ಬಿಲ್ ಲೆಕ್ಕ ಹಾಕುತ್ತದೆ. ಸದಸ್ಯನಾಗಿರುವ ಒಬ್ಬ ಗ್ರಾಹಕನ ಟೆಸ್ಟ್ ಒಂದೇ ಬರೆಯಿರಿ. ನಾಲ್ಕೂ ಸಾಲು ಓಡಿದವು. ಲೈನ್ ಕವರೇಜ್ ನೂರಕ್ಕೆ ನೂರು. ಸದಸ್ಯನಲ್ಲದ ಮೊದಲ ಗ್ರಾಹಕ ಬಂದ ಕೂಡಲೇ ನಾಲ್ಕನೇ ಸಾಲಿನಲ್ಲಿ ಪ್ರೋಗ್ರಾಂ ಬೀಳುತ್ತದೆ. ಬ್ರಾಂಚ್ ಕವರೇಜ್ ನೋಡಿದ್ದರೆ ಇದು ಸಿಕ್ಕಿಬೀಳುತ್ತಿತ್ತು. ಅದಕ್ಕೇ ಬರೀ ಲೈನ್ ಕವರೇಜ್ ಹೇಳಬೇಡಿ, ಬ್ರಾಂಚ್ ಎಷ್ಟು ಅಂತ ಹೇಳಿ.

ಬ್ರಾಂಚ್ ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ. ಬೈನರಿ ಸರ್ಚ್ ನಿಮಗೆಲ್ಲ ಗೊತ್ತು, ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವುದು. ಕೆಳಗಿನ ತುದಿ, ಮೇಲಿನ ತುದಿ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ನಡು ಸಿಗುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲಿ ಈ ಸಾಲು ಸುಮಾರು ಒಂಬತ್ತು ವರ್ಷ ತಪ್ಪಾಗಿಯೇ ಇತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಎಲ್ಲರಿಗೂ ತಿಳಿಸಿದರು. ಅರೇ ತುಂಬಾ ದೊಡ್ಡದಾಗಿ, ಎರಡು ತುದಿಗಳ ಮೊತ್ತ 2,14,74,83,647 ದಾಟಿದರೆ ಅದು ಮೈನಸ್ ಸಂಖ್ಯೆ ಆಗಿಬಿಡುತ್ತದೆ. ಆ ಸಾಲು ಓಡದೇ ಉಳಿದಿತ್ತು ಅಂತಲ್ಲ, ಖಾಲಿಯಲ್ಲದ ಅರೇಯಲ್ಲಿ ಮಾಡುವ ಪ್ರತಿ ಹುಡುಕಾಟದಲ್ಲೂ ಓಡುವ ಸಾಲು ಅದು. ಓಡದೇ ಉಳಿದದ್ದು ಆ ದೊಡ್ಡ ಸಂಖ್ಯೆ.

ಏರಿಯಾನ್ 5 ರಾಕೆಟ್ಟಿನ ಕಥೆಯೂ ಇದೇ. 1996ರ ಜೂನ್ 4, ಹೊರಟ 40 ಸೆಕೆಂಡಿನೊಳಗೆ ದಾರಿ ತಪ್ಪಿ ಒಡೆದುಹೋಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುಂಬುವ ಸಾಲು ಕೈಕೊಟ್ಟಿತ್ತು. ಅದೇ ಕೋಡ್ ಏರಿಯಾನ್ 4ರಲ್ಲಿ ಎಷ್ಟೋ ಸಲ ಹಾರಿ ಬಂದಿತ್ತು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ. 16 ಬಿಟ್‌ಗೆ ಅದು ಹಿಡಿಸಲಿಲ್ಲ.

ಎಲ್ಲ ಬೆಲೆಗಳನ್ನೂ ಹಾಕಿ ನೋಡೋಣ ಅನ್ನುತ್ತೀರಾ? ಎರಡು 32 ಬಿಟ್ ಸಂಖ್ಯೆಗಳನ್ನು ಕೂಡಿಸುವ ಒಂದೇ ಸಾಲಿನ ಫಂಕ್ಷನ್ ತೆಗೆದುಕೊಳ್ಳಿ. ಸೆಕೆಂಡಿಗೆ ನೂರು ಕೋಟಿ ಟೆಸ್ಟ್ ಓಡಿಸಿದರೂ ಎಲ್ಲ ಜೋಡಿಗಳೂ ಮುಗಿಯಲು 580 ವರ್ಷಕ್ಕೂ ಜಾಸ್ತಿ ಬೇಕು.

ಇನ್ನು ಬರೆಯದೇ ಬಿಟ್ಟ ಸಾಲನ್ನು ಯಾವ ಕವರೇಜ್ ಟೂಲೂ ತೋರಿಸಲಾರದು. 2014ರಲ್ಲಿ ಹೊರಬಿದ್ದ ಹಾರ್ಟ್‌ಬ್ಲೀಡ್ ದೋಷ ಅಂಥದ್ದು. ಬಂದ ಮೆಸೇಜ್ ತನ್ನ ಉದ್ದ ಇಷ್ಟು ಅಂತ ಹೇಳಿಕೊಂಡದ್ದನ್ನು ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿ ಹಾಗೇ ನಂಬಿ, ಅಷ್ಟು ಮೆಮೊರಿಯನ್ನು ವಾಪಸ್ ಕಳಿಸುತ್ತಿತ್ತು. ಉದ್ದ ನಿಜವಾ ಅಂತ ನೋಡುವ ಇಫ್ ಅಲ್ಲಿ ಇರಲೇ ಇಲ್ಲ. ಇಲ್ಲದ ಸಾಲು ಕೆಂಪಾಗುವುದು ಹೇಗೆ?

ಹಾಗಾದರೆ ಮಾಡಬೇಕಾದ್ದೇನು? ನಿಮ್ಮ ಓಡದ 29 ಶೇಕಡಾದಲ್ಲಿ ಮೊದಲು ಕ್ಯಾಚ್ ಬ್ಲಾಕ್‌ಗಳನ್ನು, ಅಂದರೆ ಎರರ್ ಬಂದಾಗ ಮಾತ್ರ ಓಡುವ ಭಾಗಗಳನ್ನು ಹುಡುಕಿ. ಇದು ನನ್ನ ಅನ್ನಿಸಿಕೆ ಮಾತ್ರ ಅಲ್ಲ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಕಸಾಂಡ್ರ, ಎಚ್‌ಬೇಸ್, ರೆಡಿಸ್ ಮುಂತಾದ ಐದು ಡೇಟಾ ವ್ಯವಸ್ಥೆಗಳ 198 ವೈಫಲ್ಯಗಳನ್ನು ಕೂತು ಪರಿಶೀಲಿಸಿದರು. ಇಡೀ ವ್ಯವಸ್ಥೆಯೇ ಬಿದ್ದಂಥ ದೊಡ್ಡ ಘಟನೆಗಳಲ್ಲಿ ಶೇಕಡಾ 92ರಷ್ಟಕ್ಕೆ ಕಾರಣ, ಕಣ್ಣೆದುರಿಗೇ ಬಂದ ಸಾಮಾನ್ಯ ಎರರ್ ಒಂದನ್ನು ಕೋಡ್ ತಪ್ಪಾಗಿ ನಿಭಾಯಿಸಿದ್ದು. ಕೆಲವು ಕ್ಯಾಚ್ ಬ್ಲಾಕ್‌ಗಳು ಖಾಲಿ, ಇನ್ನು ಕೆಲವುಗಳಲ್ಲಿ ಮುಂದೆ ಮಾಡಬೇಕು ಎಂಬ ಕಮೆಂಟ್ ಮಾತ್ರ. ಶೇಕಡಾ 58ರಷ್ಟು ಘಟನೆಗಳನ್ನು ಎರರ್ ನಿಭಾಯಿಸುವ ಕೋಡಿನ ಸರಳ ಟೆಸ್ಟ್‌ನಿಂದಲೇ ತಡೆಯಬಹುದಿತ್ತು ಎಂದು ಅವರು ಬರೆದರು. 71ರಿಂದ 100ಕ್ಕೆ ಹೋಗುವ ದಾರಿಯಲ್ಲಿ ಜನ ಮೊದಲು ಗೆಟರ್, ಸೆಟರ್‌ಗಳಿಗೆ (ಒಂದು ಬೆಲೆಯನ್ನು ಓದಿ ಕೊಡುವ, ಇಡುವ ಪುಟ್ಟ ಫಂಕ್ಷನ್‌ಗಳು) ಟೆಸ್ಟ್ ಬರೆಯುತ್ತಾರೆ, ಯಾಕೆಂದರೆ ಅದು ಸುಲಭ. ಕ್ಯಾಚ್ ಬ್ಲಾಕ್ ಕೊನೆಗೆ ಉಳಿಯುತ್ತದೆ. ನೀವು ಉಲ್ಟಾ ಮಾಡಿ.

ಮ್ಯಾನೇಜರಿಗೆ ನೂರರ ಬದಲು ಇದನ್ನು ಕೊಡಿ: ಓಡದ ಪ್ರತಿ ಭಾಗಕ್ಕೂ ಒಂದು ಕಾರಣ, ಹೆಸರು ಹಾಕಿ ಒಪ್ಪಿಕೊಂಡದ್ದು. ಟೆಸ್ಟ್ ಬರೆಯಬೇಕು, ಅಳಿಸಬೇಕು, ಬೇರೆ ಪ್ಲಾಟ್‌ಫಾರಂನಲ್ಲಿ ಓಡುತ್ತದೆ, ಬರೀ ರಕ್ಷಣೆಗೆ ಇಟ್ಟದ್ದು. ರಕ್ಷಣೆಗೆ ಇಟ್ಟ ಸಾಲನ್ನು ಸಂಖ್ಯೆಗೋಸ್ಕರ ತೆಗೆದುಹಾಕಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಇಲ್ಲಿಗೆ ಯಾವತ್ತೂ ಬರಬಾರದು ಎಂದು ಬರೆದಿಟ್ಟ ಆ ಡಿಫಾಲ್ಟ್ ಕೇಸ್ ಓಡದೇ ಇರುವುದೇ ಒಳ್ಳೆಯದು. ಅದನ್ನು ಕವರೇಜ್‌ನಿಂದ ಹೊರಗಿಡುವ ಗುರುತು ಬಹಳಷ್ಟು ಟೂಲ್‌ಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ. ಗುರುತಿನ ಪಕ್ಕ ಯಾಕೆ ಅಂತ ಬರೆಯಿರಿ, ರಿವ್ಯೂನಲ್ಲಿ ಇನ್ನೊಬ್ಬರು ಒಪ್ಪಲಿ.

ನಿಮ್ಮ ಕೋಡ್ ದುಡ್ಡಿನ ಲೆಕ್ಕ, ಔಷಧಿಯ ಪ್ರಮಾಣ, ಬ್ರೇಕು ಇಂಥದ್ದಕ್ಕೆ ಸಂಬಂಧಿಸಿದ್ದರೆ ಮಾತ್ರ ನಾನು ಬಿಗಿ ಮಾಡುತ್ತೇನೆ. ಆ ಮಾಡ್ಯೂಲ್ ಒಂದಕ್ಕೆ ಬ್ರಾಂಚ್ ನೂರು ಕೇಳಿ, ಎಷ್ಟು ದಿನ ಹಿಡಿದರೂ ಸರಿ. ಉಳಿದದ್ದಕ್ಕೆ ಬೇಡ.

ಪ್ರಶ್ನೆ: ಹಾಗಾದರೆ ಶೇಕಡಾ 80 ಇದ್ದರೆ ಸಾಕಾ?

ಯಾವ 80 ಅಂತ ತೋರಿಸಿದರೆ ಹೇಳುತ್ತೇನೆ. ಪಾವತಿಯ ಕೋಡ್ ಉಳಿದ 20ರಲ್ಲಿ ಇದ್ದರೆ ಸಾಲದು.

ಪ್ರಶ್ನೆ: ಎಐ ಟೂಲ್ ಒಂದು ಹತ್ತು ನಿಮಿಷದಲ್ಲಿ ಟೆಸ್ಟ್ ಬರೆದು ಕವರೇಜನ್ನು 98ಕ್ಕೆ ತಂದಿತು. ಒಂದು ಕೋರ್ಸಿನಲ್ಲೂ ಇದನ್ನೇ ಕಲಿಸುತ್ತಿದ್ದಾರೆ. ಬಳಸಬಹುದಾ?

ಇದನ್ನು ಕಲಿಸುವವರ ಮೇಲೆ ನನಗೆ ಸಿಟ್ಟಿದೆ. ಕಲಿಯಲು ಬಂದ ಹುಡುಗರಿಗೆ ಸಂಖ್ಯೆಯೇ ಗುರಿ ಅಂತ ಹೇಳಿಕೊಟ್ಟು ಕಳಿಸುತ್ತಾರೆ. ಆಮೇಲೆ ಅದನ್ನು ಮರೆಸಲು ವರ್ಷಗಳು ಬೇಕು.

ಕೋಡನ್ನು ಮಾತ್ರ ಓದಿ ಟೆಸ್ಟ್ ಬರೆಯುವ ಟೂಲ್‌ಗೆ ಆ ಕೋಡ್ ಏನು ಮಾಡಬೇಕಿತ್ತು ಅಂತ ಗೊತ್ತಿಲ್ಲ. ಈಗ ಏನು ಮಾಡುತ್ತಿದೆ ಅನ್ನುವುದಷ್ಟೇ ಗೊತ್ತು. 1000ಕ್ಕೆ ಮತ್ತು ಅದಕ್ಕಿಂತ ಮೇಲಿನದಕ್ಕೆ ಶುಲ್ಕ ಇಲ್ಲ ಎಂಬುದು ನಿಯಮ ಅಂದುಕೊಳ್ಳಿ. ಕೋಡ್ ಬರೆದವರು 1000ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅಂತ ಬರೆದಿದ್ದಾರೆ. ಟೂಲ್ ಸರಿಯಾಗಿ 1000 ಹಾಕಿ ನೋಡುತ್ತದೆ, ಶುಲ್ಕ ಬರುತ್ತದೆ, ಶುಲ್ಕ ಬರಬೇಕು ಅಂತಲೇ ಅಸರ್ಷನ್ (ಬಂದ ಉತ್ತರ ಸರಿಯಾ ಅಂತ ಪರೀಕ್ಷಿಸುವ ಸಾಲು) ಬರೆಯುತ್ತದೆ. ಈಗ ಬಗ್‌ಗೆ ಕಾವಲು ಸಿಕ್ಕಿತು. ಯಾರಾದರೂ ಅದನ್ನು ಸರಿ ಮಾಡಲು ಹೋದರೆ ಟೆಸ್ಟ್ ಫೇಲ್ ಆಗುತ್ತದೆ. ಹಳೆಯ ಕೋಡನ್ನು ತಿರುಗಿಸಿ ಬರೆಯುವಾಗ ನಡವಳಿಕೆ ಬದಲಾಗಲಿಲ್ಲ ಅಂತ ನೋಡಲು ಇಂಥ ಟೆಸ್ಟ್ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಬಳಸಿ. ಉಳಿದ ಕಡೆ ಪ್ರತಿ ಅಸರ್ಷನ್ನನ್ನೂ ನಿಯಮದ ಜೊತೆ ಹೋಲಿಸಿ ನೋಡದೆ ಮುಖ್ಯ ಕೋಡಿಗೆ ಮರ್ಜ್ ಮಾಡಬೇಡಿ.

ಪ್ರಶ್ನೆ: ನಮ್ಮಲ್ಲಿ ಕವರೇಜ್ 95 ಇದೆ, ಆದರೂ ಬಗ್ ಬರುತ್ತಿವೆ. ಟೆಸ್ಟ್ ಚೆನ್ನಾಗಿದೆಯಾ ಅಂತ ತಿಳಿಯುವುದು ಹೇಗೆ?

ಮೊದಲು ನಾಲ್ಕೈದು ಟೆಸ್ಟ್ ತೆರೆದು ಅಸರ್ಷನ್ ಇದೆಯಾ ನೋಡಿ. ಫಂಕ್ಷನ್ ಕರೆದು, ಬಂದ ಎಕ್ಸೆಪ್ಷನ್ ನುಂಗಿ, ಏನೂ ಪರೀಕ್ಷಿಸದೆ ಪಾಸ್ ಆಗುವ ಟೆಸ್ಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲವನ್ನೂ ಮಾಕ್ ಮಾಡಿ (ನಿಜವಾದ ಭಾಗದ ಬದಲು ನಕಲಿ ಇಟ್ಟು), ಮಾಕ್ ಹೇಳಿದ್ದನ್ನೇ ಮತ್ತೆ ಕೇಳಿಸಿಕೊಳ್ಳುವವೂ ಇರುತ್ತವೆ.

ಆಮೇಲೆ ಮ್ಯುಟೇಷನ್ ಟೆಸ್ಟಿಂಗ್ ಮಾಡಿ. ಟೂಲ್ ನಿಮ್ಮ ಕೋಡಿನಲ್ಲಿ ಒಂದೊಂದೇ ಸಣ್ಣ ತಪ್ಪು ಸೇರಿಸುತ್ತದೆ. ಪ್ಲಸ್ ಇದ್ದಲ್ಲಿ ಮೈನಸ್, ಷರತ್ತು ಉಲ್ಟಾ, ಹೀಗೆ. ಪ್ರತಿ ಸಲವೂ ಯಾವುದಾದರೂ ಒಂದು ಟೆಸ್ಟ್ ಫೇಲ್ ಆಗಬೇಕು. ಆಗಲಿಲ್ಲ ಅಂದರೆ ಆ ಸಾಲು ಬರೀ ಓಡಿದೆ, ಯಾರೂ ಅದನ್ನು ನೋಡಿಲ್ಲ. ಈ ಯೋಚನೆ 1970ರ ದಶಕದ್ದು. ಈಗ ಜಾವಾಕ್ಕೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್, ಪೈಥಾನ್‌ಗೆ ಮ್ಯೂಟ್‌ಮಟ್ ಇವೆ. ನಿಧಾನ ಜಾಸ್ತಿ, ಇಡೀ ಕೋಡಿನ ಮೇಲೆ ಬಿಡಬೇಡಿ. ತಪ್ಪಿದರೆ ನಿಮಗೆ ನಿದ್ದೆ ಬಾರದಂಥ ಒಂದು ಮಾಡ್ಯೂಲ್ ಆರಿಸಿಕೊಳ್ಳಿ.

ಪ್ರಶ್ನೆ: ಯೂನಿಟ್ ಟೆಸ್ಟ್ ಕವರೇಜ್ ನೂರು ಇದ್ದರೆ ಕ್ಯೂಎ (ಗುಣಮಟ್ಟ ಪರೀಕ್ಷಿಸುವ) ತಂಡ ಬೇಕಾಗುವುದಿಲ್ಲ ಅಲ್ವಾ?

ಬೇಕು. ಬಿಟ್ಟುಹೋದ ಇಫ್ ಯಾವುದು ಅಂತ ಕೇಳುವವರು ಅವರೇ.

ಪ್ರಶ್ನೆ: ಫಝಿಂಗ್ ಮಾಡಿದರೆ ಎಲ್ಲ ಸಾಲುಗಳೂ ತಾವಾಗಿ ಓಡುತ್ತವಂತೆ, ನಿಜವೇ?

ಇಲ್ಲ. ಫಝಿಂಗ್ ಅಂದರೆ ಟೂಲ್ ತಾನೇ ಬಗೆಬಗೆಯ ಇನ್‌ಪುಟ್ ಹುಟ್ಟಿಸಿ ಪ್ರೋಗ್ರಾಂಗೆ ಕೊಡುವುದು. ಎಎಫ್‌ಎಲ್, ಲಿಬ್‌ಫಝರ್ ಇಂಥ ಟೂಲ್‌ಗಳು ಕವರೇಜ್ ನೋಡಿಕೊಂಡೇ ಇನ್‌ಪುಟ್ ಬದಲಿಸುತ್ತಾ ಹೋಗುತ್ತವೆ, ಪಾರ್ಸರ್‌ಗಳ (ಇನ್‌ಪುಟ್ ಓದಿ ಬಿಡಿಸುವ ಕೋಡ್) ಒಳಗೆ ಬಹಳ ಆಳಕ್ಕೆ ಇಳಿಯುತ್ತವೆ. ಹೊರಗಿನಿಂದ ಫೈಲ್ ಅಥವಾ ಮೆಸೇಜ್ ಓದುವ ಕೋಡ್ ಇದ್ದರೆ ಇವತ್ತೇ ಶುರು ಮಾಡಿ. ಆದರೆ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲ ಅಂತ ನೋಡಲು ಅದರಿಂದಲೇ ಲೆಕ್ಕ ಹಾಕಿದ ಸಂಖ್ಯೆ) ಹೊಂದಿಕೊಂಡರೆ ಮಾತ್ರ ಮುಂದೆ ಹೋಗುವಂಥ ಇಫ್ ಎದುರಾದರೆ ಅವು ಅಲ್ಲೇ ನಿಂತುಬಿಡುತ್ತವೆ. ಟೆಸ್ಟ್ ಬಿಲ್ಡಿನಲ್ಲಿ ಆ ಪರಿಶೀಲನೆಯನ್ನು ಆಫ್ ಮಾಡಿ ಕೊಡಬೇಕಾಗುತ್ತದೆ.

ಪ್ರಶ್ನೆ: ಆಪ್ಟಿಮೈಸ್ ಮಾಡಿದ ಬಿಲ್ಡಿನಲ್ಲಿ ಜಿಕವ್ ವಿಚಿತ್ರ ಸಾಲುಗಳನ್ನು ತೋರಿಸುತ್ತದೆ.

ಕಂಪೈಲರ್ ಸಾಲುಗಳನ್ನು ಬೆರೆಸಿಬಿಡುತ್ತದೆ. ಕವರೇಜ್‌ಗೆ ಆಪ್ಟಿಮೈಸೇಷನ್ ಆಫ್ ಮಾಡಿ.

ಪ್ರಶ್ನೆ: ಹಳೆಯ ದೊಡ್ಡ ಕೋಡ್, ಕವರೇಜ್ ಬರೀ 9. ಎಲ್ಲಿಂದ ಶುರು ಮಾಡಲಿ?

ಒಟ್ಟು ಸಂಖ್ಯೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇವತ್ತಿನಿಂದ ಬದಲಾಗುವ ಸಾಲುಗಳಿಗೆ ಮಾತ್ರ ಕವರೇಜ್ ಕೇಳಿ. ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮುಟ್ಟಿದ ಸಾಲು ಓಡಿರಬೇಕು, ಇಲ್ಲವೇ ಯಾಕೆ ಓಡಿಲ್ಲ ಅಂತ ಬರೆದಿರಬೇಕು. ಜನ ಪದೇ ಪದೇ ಮುಟ್ಟುವ ಫೈಲ್‌ಗಳಲ್ಲೇ ಬಗ್ ಜಾಸ್ತಿ ಹುಟ್ಟುವುದರಿಂದ, ಟೆಸ್ಟ್ ತಾನಾಗಿ ಬೇಕಾದ ಕಡೆ ಸೇರುತ್ತಾ ಹೋಗುತ್ತದೆ.

ಜೊತೆಗೆ ಸತ್ತ ಕೋಡನ್ನು ಗುರುತಿಸಲು ಪ್ರೊಡಕ್ಷನ್‌ನಲ್ಲಿ ಯಾವ ಮಾಡ್ಯೂಲ್ ಓಡುತ್ತಿದೆ ಅಂತ ಲಾಗ್ ಹಾಕಿ. ಅಲ್ಲಿ ಅವಸರ ಬೇಡ. ವರ್ಷದ ಕೊನೆಯ ಲೆಕ್ಕ, ಬ್ಯಾಕಪ್‌ನಿಂದ ಡೇಟಾ ವಾಪಸ್ ತರುವ ಕೋಡ್, ಇವು ತಿಂಗಳುಗಟ್ಟಲೆ ಓಡದೇ ಇದ್ದು ಒಂದು ದಿನ ಬೇಕಾಗುತ್ತವೆ. ಒಂದು ಪೂರ್ತಿ ವರ್ಷದ ಲಾಗ್ ಕೈಗೆ ಬಂದ ಮೇಲೂ, ಆ ಕೋಡ್ ಬರೆದವರು ಸಿಕ್ಕರೆ ಅವರನ್ನು ಒಂದು ಮಾತು ಕೇಳಿಯೇ ಅಳಿಸಿ.